ಬೆಂಗಳೂರಲ್ಲಿ ಮಧ್ಯಾಹ್ನ ಊಟ ಮಾಡೋದೇ ಇಲ್ವಾ?

ಶಿವಮೊಗ್ಗದ ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ನಿಮ್ಮ ಬೆಂಗಳೂರು ತಿಂಡಿ ವಿಶೇಷಾಂಕವನ್ನು ಚೀಲದಲ್ಲಿಟ್ಟುಕೊಂಡೇ ನಾನೂ ನನ್ನಕ್ಕನೂ ಬಂದಿದ್ದೆವು. ಹನ್ನೆರಡೂವರೆಗೆ ಗಾಂಧಿ ಬಜಾರ್ ತಲುಪಿದರೆ ವಿದ್ಯಾರ್ಥಿ ಭವನದ ಬಾಗಿಲು ಹಾಕಿತ್ತು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋದೆವು, ಅಲ್ಲೂ ಅದೇ ಕಥೆ. ದರ್ಶಿನಿಯಲ್ಲಿ ಕುರ್ಚಿ ಇಲ್ಲ, ಅಕ್ಕನಿಗೆ ಮಂಡಿನೋವು. ಬಾರ್ ಅಂಡ್ ರೆಸ್ಟೋರೆಂಟ್ ಅಂತ ಬೋರ್ಡ್ ಇದ್ದ ಕಡೆ ಹೆಂಗಸರಿಬ್ಬರೇ ಹೇಗೆ ಹೋಗೋದು ಅಂತ ಮೆಟ್ಟಿಲಿಂದಲೇ ವಾಪಸ್ ಬಂದೆವು. ಕೊನೆಗೆ ಬೇಕರಿಯಲ್ಲಿ ಪಫ್ ತಿಂದು ಬಸ್ ಹತ್ತಿದೆವು. ಬೆಂಗಳೂರಲ್ಲಿ ಮಧ್ಯಾಹ್ನ ಊಟ ಮಾಡುವ ಪದ್ಧತಿಯೇ ಇಲ್ಲವಾ?"

ಸಂಪಾದಕರ ಉತ್ತರ:

ತಪ್ಪು ನಮ್ಮದೇ. ಚಟ್ನಿ ಬಗ್ಗೆ ಒಂದು ಪುಟ ಬರೆದವರು ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ಒಂದು ಸಾಲು ಬರೆಯಲಿಲ್ಲ. ಪಫ್ ದುಡ್ಡು ನಾವೇ ಕೊಡಬೇಕು.

ಆದರೆ ನಿಮಗೆ ಊಟ ಸಿಗದಿದ್ದದ್ದು ಗ್ರಹಚಾರ ಅಲ್ಲ. ನೀವು ಹೋದದ್ದು ತಿಂಡಿ ಹೋಟೆಲುಗಳಿಗೆ. ನಮ್ಮಲ್ಲಿ ತಿಂಡಿ ಬೇರೆ, ಊಟ ಬೇರೆ, ಅಲ್ವಾ? ಮೂರು ಮಸಾಲೆ ದೋಸೆ ತಿಂದವರನ್ನು ಊಟ ಆಯ್ತಾ ಅಂತ ಕೇಳಿ ನೋಡಿ, ಇಲ್ಲ, ಈಗಷ್ಟೇ ತಿಂಡಿ ಆಯ್ತು ಅಂತಾರೆ. ವಿದ್ಯಾರ್ಥಿ ಭವನ 1943ರಿಂದ ಇದೆ, ಇವತ್ತಿಗೂ ಜನ ಸಾಲು ನಿಲ್ಲೋದು ದೋಸೆಗೆ. ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಚಟ್ನಿ ಎಷ್ಟು ಬೇಕಾದರೂ ಹಾಕುತ್ತಾರೆ, ಸಾಂಬಾರ್ ಇಲ್ಲ. ಸಾಂಬಾರೇ ಕೊಡದವರ ಹತ್ತಿರ ಅನ್ನ ಕೇಳೋದು ಹೇಗೆ? ಮತ್ತೆ, ಕತ್ತಲಲ್ಲೇ ಎದ್ದು ಒಲೆ ಹಚ್ಚಿದ ಭಟ್ಟರಿಗೂ ಮಧ್ಯಾಹ್ನ ಸ್ವಲ್ಪ ಕಾಲು ಚಾಚಬೇಕಲ್ಲ.

ಹೆಸರಲ್ಲಿ ಟಿಫಿನ್ ಇದ್ದರೂ ಊಟ ಹಾಕುವವರು ಲಾಲ್‌ಬಾಗ್ ರಸ್ತೆಯ ಎಂಟಿಆರ್‌, ಅಂದರೆ ಮಾವಳ್ಳಿ ಟಿಫಿನ್ ರೂಮ್‌ನವರು. 1924ರಲ್ಲಿ ಶುರುವಾದದ್ದು. ಹೆಸರು ಬರೆಸಿ, ಕಾದು, ಪಂಕ್ತಿಯಲ್ಲಿ ಕೂತಂತೆ ಕೂತು ಉಣ್ಣಬೇಕು. ಒಂದಾದ ಮೇಲೊಂದು ಬಡಿಸುತ್ತಲೇ ಇರುತ್ತಾರೆ. ಚೆನ್ನಾಗಿದೆ, ಆದರೆ ಅದು ಹೆಚ್ಚುಕಮ್ಮಿ ಮದುವೆ ಊಟ. ನಾಲ್ಕು ಗಂಟೆ ಬಸ್ ಹಿಡಿಯಬೇಕಾದವರು ಹೋಗಬಾರದು.

ನೀವು ಹುಡುಕಬೇಕಾದದ್ದು ಹೆಸರನ್ನಲ್ಲ, ಹನ್ನೆರಡೂವರೆ ಹೊತ್ತಿಗೆ ಬಾಗಿಲ ಪಕ್ಕ ನೇತುಹಾಕುವ "ಊಟ ರೆಡಿ" ಬೋರ್ಡನ್ನು. ಈ ಬೋರ್ಡ್ ತೂಗುವ ಹೋಟೆಲುಗಳ ಬಗ್ಗೆ ಯಾರೂ ವಿಶೇಷಾಂಕ ಮಾಡುವುದಿಲ್ಲ (ನಾವೂ ಮಾಡಲಿಲ್ಲ), ಬೆಂಗಳೂರಿನ ಗುಮಾಸ್ತರು, ಸೇಲ್ಸ್‌ನವರು, ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು ಎಲ್ಲ ಉಣ್ಣುವುದು ಮಾತ್ರ ಅಲ್ಲೇ. ಒಂದು ಗಂಟೆಗೆ ಮುಂಚೆ ಹೋಗಿ. ನಮ್ಮ ಆಫೀಸಿನ ಹತ್ತಿರ ಒಂದು ಹೋಟೆಲಿದೆ, ಹೆಸರು ಬೇಡ. ಒಂದು ಗಂಟೆಗೆ ಹೋದರೆ ಪಲ್ಯ, ಹುಳಿ, ಗಮಗಮ ಸಾರು. ಎರಡೂವರೆಗೆ ಹೋದರೆ ಹುಳಿ ಯಾವುದು, ಸಾರು ಯಾವುದು ಅಂತ ಸಪ್ಲೈಯರನ್ನೇ ಕೇಳಬೇಕು. ಅವನೂ ಒಂದು ಸಲ ಬಗ್ಗಿ ನೋಡಿಯೇ ಹೇಳಿದ.

ದರ್ಶಿನಿ ಬಗ್ಗೆ ನಿಮ್ಮ ಅಕ್ಕನವರ ದೂರು ನ್ಯಾಯವಾದದ್ದೇ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಲೆಕ್ಕ ಒಂದೇ: ಕುರ್ಚಿ ಇಲ್ಲದಿದ್ದರೆ ಯಾರೂ ಹರಟೆ ಹೊಡೆಯುತ್ತಾ ಕೂರುವುದಿಲ್ಲ, ಸಣ್ಣ ಜಾಗದಲ್ಲಿ ನೂರಾರು ಜನ ತಿಂದು ಹೋಗುತ್ತಾರೆ, ರೇಟು ಕಡಿಮೆ ಇಡಬಹುದು. ಆದರೆ ಈಗ ಎಷ್ಟೋ ದರ್ಶಿನಿಗಳಲ್ಲಿ ಪಕ್ಕದಲ್ಲೋ ಮಹಡಿ ಮೇಲೋ ಕೂತು ತಿನ್ನುವ ಜಾಗ ಇದೆ, ಕೇಳಬೇಕು ಅಷ್ಟೇ. ಗಲ್ಲಾದಲ್ಲಿ ದುಡ್ಡು ಕೊಡುವ ಮೊದಲು "ರೈಸ್ ಐಟಂ ಏನಿದೆ" ಅನ್ನಿ. ಬಿಸಿಬೇಳೆಬಾತ್ ಪುಳಿಯೋಗರೆ ಮೊಸರನ್ನ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬಿಸಿಬೇಳೆಬಾತ್ ಮೇಲೆ ಉದುರಿಸಿದ ಖಾರಾಬೂಂದಿ ಮೆತ್ತಗಾಗುವ ಮೊದಲೇ ತಿನ್ನಬೇಕು, ಆಮೇಲೆ ಇಬ್ಬರ ಮಧ್ಯೆ ಒಂದು ಮೊಸರನ್ನ. ಊಟ ಮುಗಿಯಿತು.

ನೀವು ಮಾಂಸ ತಿನ್ನುವವರಾದರೆ ಮಿಲಿಟರಿ ಹೋಟೆಲ್ ಬಿಡಬೇಡಿ. ಹೆಸರು ಕೇಳಿ ಹೆದರಬೇಕಿಲ್ಲ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಮನೆಮಂದಿಯೆಲ್ಲ ಬರುತ್ತಾರೆ, ದೊನ್ನೆ ಬಿರಿಯಾನಿಗೆ. ನನ್ನ ಆಯ್ಕೆ ಮಾತ್ರ, ಯಾವ ಮಿಲಿಟರಿ ಹೋಟೆಲಿಗೆ ಹೋದರೂ, ಮುದ್ದೆ ಮತ್ತು ಕಾಲ್ ಸೂಪು. ಬಿಸಿ ಮುದ್ದೆಯನ್ನು ಮುರಿದು, ಸೂಪಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು ಅಂತ ಶಿವಮೊಗ್ಗದವರಿಗೆ ಹೇಳಿಕೊಡಬೇಕಾ, ಬಿಡಿ.

ಇನ್ನು ಬಾರ್. ಒಂದು ಮಾತು ಹೇಳಲಾ? ಕಾಫಿ ಬಾರ್‌ಗೆ ಧೈರ್ಯವಾಗಿ ಹೋದಿರಿ, ಬಾರ್ ಅಂಡ್ ರೆಸ್ಟೋರೆಂಟ್ ಮೆಟ್ಟಿಲಿಂದ ವಾಪಸ್ ಬಂದಿರಿ. ಎರಡನೆಯದರಲ್ಲಿ ಆ ರೆಸ್ಟೋರೆಂಟ್ ಅನ್ನುವ ಮಾತನ್ನು ಸುಮ್ನೆ ಬರೆದಿರುವುದಿಲ್ಲ. ಎಷ್ಟೋ ಕಡೆ ಮಧ್ಯಾಹ್ನ ಬರುವವರಲ್ಲಿ ಮೀನೂಟಕ್ಕೆಂದೇ ಬರುವವರು ಜಾಸ್ತಿ. ಫ್ಯಾಮಿಲಿ ರೂಮ್ ಇದೆಯಾ ಅಂತ ಕೇಳಿ, ಒಳಗೆ ಒಂದು ಕಣ್ಣು ಹಾಯಿಸಿ, ಸರಿ ಅನ್ನಿಸಿದರೆ ಕೂತುಕೊಳ್ಳಿ. ಕತ್ತಲೆ, ಹೊಗೆ, ಕಿವಿಗಡಚಿಕ್ಕುವ ಟೀವಿ ಇದ್ದರೆ ಎದ್ದು ಬನ್ನಿ, ಅದಕ್ಕೆ ಸಂಕೋಚ ಯಾಕೆ? ಈ ಸಂಕೋಚವೇ ಬೇಡ ಅನ್ನುವುದಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಇದೆ, 1940ರಲ್ಲಿ ಬೇಕರಿಯಾಗಿ ಶುರುವಾದದ್ದು. ಒಂದು ಮೇಜಿನಲ್ಲಿ ಬಿಯರ್, ಪಕ್ಕದ ಮೇಜಿನಲ್ಲಿ ಟೀ ಮತ್ತು ಕಟ್ಲೆಟ್. ಯಾರು ಯಾರನ್ನೂ ನೋಡುವುದಿಲ್ಲ. ರೇಟು ಮಾತ್ರ ದರ್ಶಿನಿಯದ್ದಲ್ಲ.

ಮುಂದಿನ ಸಲ ಹನ್ನೆರಡೂವರೆಗೆ ಗಾಂಧಿ ಬಜಾರ್‌ನಲ್ಲೇ ಇಳಿದರೆ ಶಂಕರಪುರಕ್ಕೆ ಓಡಬೇಡಿ. ಬ್ಯೂಗಲ್ ರಾಕ್ ಕಡೆಗೆ ನಿಧಾನವಾಗಿ ನಡೆಯಿರಿ, ಅಕ್ಕನಿಗೆ ಕಷ್ಟ ಅಂದರೆ ಆಟೋ ಮಾಡಿ. ಅಲ್ಲಿ ಕಾಮತ್‌ನಲ್ಲಿ ಬಾಳೆಎಲೆ ಮೇಲೆ ಜೋಳದ ರೊಟ್ಟಿ ಊಟ ಸಿಗುತ್ತದೆ, ಕುರ್ಚಿಯೂ ಇದೆ. ನಿಧಾನವಾಗಿ ಉಂಡು ವಾಪಸ್ ಬರುವ ಹೊತ್ತಿಗೆ ವಿದ್ಯಾರ್ಥಿ ಭವನದ ಬಾಗಿಲು ಮತ್ತೆ ತೆರೆದಿರುತ್ತದೆ. ಹೊಟ್ಟೆಯಲ್ಲಿ ಜಾಗ ಉಳಿದಿದ್ದರೆ ಒಂದು ಮಸಾಲೆ ದೋಸೆ, ಇಬ್ಬರಿಗೂ ಅರ್ಧರ್ಧ. ಶುಕ್ರವಾರ ಮಾತ್ರ ಬರಬೇಡಿ, ಅವತ್ತು ಅವರಿಗೆ ರಜ.