ಮೆಜೆಸ್ಟಿಕ್‌ನಲ್ಲಿ ಕಾಲು ಗಂಟೆ ಏನ್ ಮಾಡ್ತಿದ್ದೆ?

ಆಪ್ತಸಲಹೆಗೆ ನನ್ನ ಬಳಿ ಬಂದ ಒಂದು ಜೋಡಿಯ ಕಥೆ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಇಬ್ಬರ ಒಪ್ಪಿಗೆಯೂ ಇದೆ. ಸುಳ್ಳು ಹೆಸರು ಕೊಡೋಕೆ ಹೋಗಿಲ್ಲ, ಗಂಡ, ಹೆಂಡತಿ ಅಂತಲೇ ಬರೆಯುತ್ತೇನೆ.

ಮೊದಲು ಬಂದಿದ್ದು ಹೆಂಡತಿ. ಮೂವತ್ತೈದರ ಆಸುಪಾಸು. ಪೀಣ್ಯದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಮನೆ ಕನಕಪುರ ರಸ್ತೆ ಕಡೆ, ಅಪಾರ್ಟ್‌ಮೆಂಟು. ಗಂಡನದು ಸಾಫ್ಟ್‌ವೇರ್ ಕೆಲಸ, ಅರ್ಧ ವಾರ ಮನೆಯಿಂದಲೇ. ಮೂರನೇ ಕ್ಲಾಸಿನ ಮಗ ಇದ್ದಾನೆ.

"ನಮ್ಮನೆಯವರು ಹೊಡೆಯಲ್ಲ, ಬಯ್ಯಲ್ಲ, ಕುಡಿಯಲ್ಲ ಮೇಡಂ. ಯಾರಿಗಾದ್ರೂ ಹೇಳಿದ್ರೆ ನನಗೇ ಕೊಬ್ಬು ಅಂತಾರೆ. ಆದ್ರೆ ಉಸಿರು ಕಟ್ಟಿದ ಹಾಗೆ ಆಗ್ತಿದೆ" ಅಂದರು.

ಏನಾಯ್ತು ಅಂತ ಕೇಳಿದರೆ ದೊಡ್ಡದೇನೂ ಇಲ್ಲ. ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗಂಡ ಕೇಳಿದ್ದಾರೆ, "ಮೆಜೆಸ್ಟಿಕ್‌ನಲ್ಲಿ ಕಾಲು ಗಂಟೆ ಏನ್ ಮಾಡ್ತಿದ್ದೆ?" ಈಕೆ ಮೆಜೆಸ್ಟಿಕ್‌ನಲ್ಲಿ ಇಳಿದೇ ಇಲ್ಲ. ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಕನಕಪುರ ರಸ್ತೆವರೆಗೂ ಒಂದೇ ರೈಲು, ಬದಲಾಯಿಸುವ ಗೋಜೇ ಇಲ್ಲ. ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ದಾಟೋವರೆಗೆ ರೈಲು ನೆಲದೊಳಗೆ ಹೋಗುತ್ತೆ. ಅಲ್ಲಿ ಫೋನಿಗೆ ಜಿಪಿಎಸ್ ಸಿಗಲ್ಲ. ಹತ್ತಿರದ ಟವರೋ ವೈಫೈಯೋ ಹಿಡಿದು ಅದು ಒಂದು ಅಂದಾಜು ಹೇಳುತ್ತೆ, ಇಲ್ಲವಾದರೆ ಹಳೇ ಜಾಗವನ್ನೇ ತೋರಿಸುತ್ತಾ ಕೂರುತ್ತೆ. ನ್ಯಾಷನಲ್ ಕಾಲೇಜಿನ ಹತ್ತಿರ ರೈಲು ಮೇಲೆ ಬಂದಮೇಲೆ, ಗಂಡನ ಫೋನಿನ ಮ್ಯಾಪಿನಲ್ಲಿ ಈಕೆ ಇರುವ ಜಾಗ ತೋರಿಸುವ ಚುಕ್ಕೆ ಒಮ್ಮೆಲೇ ಹಾರಿ ಮುಂದೆ ಬರುತ್ತೆ. ಗಂಡನಿಗೆ ಇದು ಗೊತ್ತಿಲ್ಲ ಅಂತಲ್ಲ. ಅವರ ಕೆಲಸವೇ ಅಂಥದ್ದು, ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಆದರೆ ಪರದೆಯ ಮೇಲಿನ ಚುಕ್ಕೆ ಮೆಜೆಸ್ಟಿಕ್‌ನಲ್ಲಿ ನಿಂತಾಗ ಓದಿದ್ದೆಲ್ಲ ಮರೆತುಹೋಗುತ್ತೆ. ಮೇಲಾಗಿ ಅದು ಮೆಜೆಸ್ಟಿಕ್. ಬಸ್ ಸ್ಟ್ಯಾಂಡು, ಲಾಡ್ಜು, ಎಲ್ಲಾ ಊರಿನ ಜನ. ಚುಕ್ಕೆ ಲಾಲ್‌ಬಾಗ್‌ನಲ್ಲಿ ನಿಂತಿದ್ದರೆ ಇಷ್ಟು ರಂಪ ಆಗ್ತಿರಲಿಲ್ಲವೇನೋ!

ಕೆದಕುತ್ತಾ ಹೋದಾಗ ಲೊಕೇಶನ್ ಒಂದೇ ಅಲ್ಲ ಅಂತ ಗೊತ್ತಾಯಿತು. ಗೂಗಲ್ ಮ್ಯಾಪ್ಸ್‌ನಲ್ಲಿ ಗಂಡನಿಗೆ ಲೊಕೇಶನ್ ಕಾಣಿಸೋಕೆ "ಆಫ್ ಮಾಡುವವರೆಗೂ" ಅನ್ನೋ ಆಯ್ಕೆ ಒತ್ತಿಟ್ಟಿದ್ದು ವರ್ಷಗಳ ಹಿಂದೆ, ಒಂದು ರಾತ್ರಿ ಮಳೆಯಲ್ಲಿ ಆಟೋದಲ್ಲಿ ಬರುವಾಗ. ಆಮೇಲೆ ಇಬ್ಬರೂ ಮರೆತರು. ಅಂದರೆ ಈಕೆ ಮರೆತರು. ಸಂಬಳ ಬರುವ ಜಾಯಿಂಟ್ ಅಕೌಂಟಿಗೆ ಬ್ಯಾಂಕಿನಲ್ಲಿ ಕೊಟ್ಟಿರುವುದು ಗಂಡನ ನಂಬರು. ಹಾಗಾಗಿ ಎಲ್ಲಿ ಎಷ್ಟು ಖರ್ಚಾದರೂ ಮೆಸೇಜು ಅವರ ಫೋನಿಗೆ. ಅಪಾರ್ಟ್‌ಮೆಂಟ್ ಗೇಟಿನ ಆ್ಯಪ್ ಬೇರೆ. ಈಕೆಯ ತಮ್ಮ ಊರಿಂದ ಬಂದು ಒಂದು ಲೋಟ ಕಾಫಿ ಕುಡಿದು ಹೋದರೆ, ಇವರು ಹೇಳೋಕೆ ಮುಂಚೆಯೇ "ನಿನ್ ತಮ್ಮ ಬಂದಿದ್ನಂತೆ?" ವಾಟ್ಸ್‌ಆ್ಯಪ್‌ನಲ್ಲಿ ರಾತ್ರಿ ಲಾಸ್ಟ್ ಸೀನ್ ನೋಡಿ, "ಹನ್ನೆರಡೂವರೆಗೆ ಯಾಕೆ ಎದ್ದಿದ್ದೆ?" ಪಕ್ಕದಲ್ಲೇ ಮಲಗಿದ್ದವರು ಕೇಳುವ ಪ್ರಶ್ನೆ ಇದು, ನೋಡಿ.

ಇದರಲ್ಲಿ ಒಂದನ್ನೂ ಯಾರೂ ಕಾವಲಿಗೆ ಅಂತ ಹಾಕಿರಲಿಲ್ಲ. ಎಲ್ಲವೂ ಅನುಕೂಲಕ್ಕೆ ಬಂದವು. ಎಲ್ಲ ಸೇರಿದಮೇಲೆ ಹೆಂಡತಿಯ ಇಡೀ ದಿನ ಗಂಡನ ಜೇಬಿಗೆ ಬಂದು ಬೀಳತೊಡಗಿತು, ಗಂಡನ ದಿನ ಮಾತ್ರ ಹೆಂಡತಿಗೆ ಗೊತ್ತಾಗುತ್ತಿರಲಿಲ್ಲ. ನಾನು ಈ ಕೇಸಿನಲ್ಲಿ ಹಿಡಿದುಕೊಂಡಿದ್ದು ಇದನ್ನೇ.

ಆಕೆ ಏನು ಮಾಡಿದರು? ಸುಳ್ಳು ಹೇಳೋಕೆ ಶುರು ಮಾಡಿದರು. ಯಶವಂತಪುರದಲ್ಲಿ ಗೆಳತಿಯರ ಜೊತೆ ಇಳಿದು ಚಾಟ್ ತಿಂದರೆ ಗೆಳತಿಯ ಫೋನಿನಿಂದ ಸ್ಕ್ಯಾನ್ ಮಾಡಿಸಿ, ಮಾರನೇ ದಿನ ಚಿಲ್ಲರೆ ಕೊಡೋದು. ಚಿಕ್ಕಪೇಟೆಗೆ ಸೀರೆ ನೋಡೋಕೆ ಹೋಗುವಾಗ ಫೋನು ಆಫೀಸಿನ ಡ್ರಾಯರ್‌ನಲ್ಲಿ. ಒಂದು ಸಲ ಹೀಗೆ ಸಿಕ್ಕಿಬಿದ್ದರು. ಆಮೇಲೆ ಗಂಡನ ವಾದ ಸುಲಭವಾಯಿತು: "ಮುಚ್ಚಿಡೋಕೆ ಏನೂ ಇಲ್ದಿದ್ರೆ ಫೋನ್ ಯಾಕೆ ಬಿಟ್ಟು ಹೋದೆ?" ನೋಡಿ, ಕಾವಲು ಇದ್ದಿದ್ದಕ್ಕೆ ಸುಳ್ಳು ಹುಟ್ಟಿತು, ಸುಳ್ಳು ಸಿಕ್ಕಿದ್ದಕ್ಕೆ ಕಾವಲು ಸರಿ ಅಂತಾಯಿತು. ಇದು ನಾನು ಜಾಸ್ತಿ ನೋಡುವ ಸುಳಿ. ಬೇರೆ ಸಂಬಂಧ ಗಿಬಂಧ ಏನೂ ಇರಲ್ಲ, ಒಂದು ಪ್ಲೇಟ್ ಮಸಾಲಪುರಿ ಇರುತ್ತೆ ಅಷ್ಟೇ.

ಗಂಡನನ್ನು ಕರೆಸೋಕೆ ಸ್ವಲ್ಪ ದಿನ ಹಿಡಿಯಿತು. ಬಂದವರು ನಾನು ಅಂದುಕೊಂಡಂಥ ದರ್ಪದ ಮನುಷ್ಯ ಅಲ್ಲ. ಸುಸ್ತಾಗಿದ್ದರು. "ನಾನು ಅನುಮಾನ ಪಡಲ್ಲ ಮೇಡಂ, ಕಾಳಜಿ" ಅಂತ ಶುರು ಮಾಡಿದರು. ಎಲ್ಲರೂ ಹಾಗೇ ಶುರು ಮಾಡುತ್ತಾರೆ, ಹಾಗಾಗಿ ಅದನ್ನು ಬಿಟ್ಟು ಬೇರೆ ಕೇಳಿದೆ. ಈ ಥರ ನೋಡುವ ಅಭ್ಯಾಸ ಯಾವಾಗಿನಿಂದ?

2021ರ ಎರಡನೇ ಅಲೆಯಿಂದ. ಅಪ್ಪ ಚಿತ್ರದುರ್ಗದ ಕಡೆ ಊರಿನಲ್ಲಿ, ಇವರು ಇಲ್ಲಿ ಲಾಕ್‌ಡೌನ್‌ನಲ್ಲಿ. ಆಸ್ಪತ್ರೆಯಲ್ಲಿ ಬೆಡ್ ಸಿಗದೆ ಅಪ್ಪನನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿಯನ್ನು ಅರ್ಧ ಗಂಟೆಗೊಮ್ಮೆ ವಿಡಿಯೋ ಕಾಲ್‌ನಲ್ಲಿ ತೋರಿಸಬೇಕು, ಇವರು ಬರೆದುಕೊಳ್ಳಬೇಕು. 94ಕ್ಕಿಂತ ಕೆಳಗೆ ಇಳಿದರೆ ಡಾಕ್ಟರಿಗೆ ಫೋನು. ರಾತ್ರಿಯೆಲ್ಲ ಹೀಗೆ. ಅಪ್ಪ ಉಳಿದರು. "ನಾನು ನೋಡ್ತಾ ಇದ್ದಿದ್ದಕ್ಕೇ ಉಳಿದ್ರು" ಅಂದರು, ಅನ್ನುವಾಗ ಗಂಟಲು ಕಟ್ಟಿತು.

ಅದು ಭಾಗಶಃ ನಿಜವೂ ಇರಬಹುದು. ತೊಂದರೆ ಏನೆಂದರೆ ಮನಸ್ಸು ಆ ಪಾಠವನ್ನು ಅಪ್ಪನ ಕಾಯಿಲೆಗೆ ಮಾತ್ರ ಇಟ್ಟುಕೊಳ್ಳಲಿಲ್ಲ. ನೋಡುತ್ತಾ ಇದ್ದರೆ ಕೆಟ್ಟದ್ದು ಆಗಲ್ಲ ಅಂತ ಎಲ್ಲದಕ್ಕೂ ಹಾಕಿಕೊಂಡಿತು. ಆತಂಕದ ಕೆಲಸವೇ ಹೀಗೆ. ಚುಕ್ಕೆ ನೋಡಿದರೆ ಎರಡು ನಿಮಿಷ ಸಮಾಧಾನ. ಆ ಸಮಾಧಾನವೇ ಮತ್ತೆ ನೋಡು ಅನ್ನುತ್ತೆ, ತುರಿಕೆ ಕೆರೆದ ಹಾಗೆ. ಇವರು ದಿನಕ್ಕೆ ಎಷ್ಟು ಸಲ ನೋಡುತ್ತಾರೆ ಅಂತ ಅವರಿಗೇ ಲೆಕ್ಕ ಇರಲಿಲ್ಲ, ಮೀಟಿಂಗ್ ನಡುವೆಯೂ ನೋಡುತ್ತಿದ್ದರು.

ಆಮೇಲೆ ಆಫೀಸಿನ ಮಾತು ಬಂತು. ಮನೆಯಿಂದ ಕೆಲಸ ಮಾಡುವ ದಿನ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಸ್ವಲ್ಪ ಹೊತ್ತಿಗೆ ಹಳದಿಯಾದರೆ ಮ್ಯಾನೇಜರು "ಇದ್ದೀರಾ?" ಅಂತ ಕೇಳುತ್ತಾರಂತೆ. ಅದಕ್ಕೆ ಇವರು ಮೌಸ್ ತಾನಾಗಿ ಅಲ್ಲಾಡುವ ಒಂದು ಪುಟ್ಟ ಸಾಧನ ತರಿಸಿ ಇಟ್ಟುಕೊಂಡಿದ್ದಾರೆ. ಕೆಲಸ ತಪ್ಪಿಸುತ್ತೀರಾ ಅಂದೆ. "ಇಲ್ಲ ಮೇಡಂ, ಟೈಮಿಗಿಂತ ಜಾಸ್ತಿನೇ ಮಾಡ್ತೀನಿ. ಆದ್ರೆ ನೀರು ಕುಡಿಯೋಕೆ ಎದ್ರೂ ಯಾರೋ ನೋಡ್ತಿದ್ದಾರೆ ಅಂದ್ರೆ..." ಅಂತ ಹೇಳುತ್ತಾ ನಿಲ್ಲಿಸಿದರು. ಪಕ್ಕದಲ್ಲಿ ಹೆಂಡತಿ ಕೂತಿದ್ದರು. ನಾನು ಏನೂ ಸೇರಿಸಲಿಲ್ಲ. ಫೋನು ಆಫೀಸ್ ಡ್ರಾಯರ್‌ನಲ್ಲಿ ಬಿಟ್ಟು ಹೋಗುವುದಕ್ಕೂ ಮೌಸ್ ಅಲ್ಲಾಡಿಸುವುದಕ್ಕೂ ಏನು ವ್ಯತ್ಯಾಸ ಅಂತ ಅವರೇ ಕೇಳಿಕೊಂಡರು.

ನಾನು ಕೊಟ್ಟ ಸಲಹೆ ಹೇಳುತ್ತೇನೆ. ಮೊದಲನೆಯದು, ಕಾಯಂ ಲೊಕೇಶನ್ ಆಫ್. ಕಾರಣ ಕೊಡಬೇಕಿಲ್ಲ, ಆಕೆಗೆ ಬೇಡ ಅಂದರೆ ಸಾಕು. ರಾತ್ರಿ ಕ್ಯಾಬ್‌ನಲ್ಲಿ ಬರುವಾಗ ಆಕೆಗೇ ಬೇಕೆನಿಸಿದರೆ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಲಿ, ಅದರಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಆಯ್ಕೆ ಇದೆ, ಸಮಯ ಮುಗಿದರೆ ತಾನೇ ನಿಲ್ಲುತ್ತೆ. ಒಬ್ಬರು ಕೊಡುವುದಕ್ಕೂ ಇನ್ನೊಬ್ಬರು ತೆಗೆದುಕೊಂಡೇ ಇರುವುದಕ್ಕೂ ಅಜಗಜಾಂತರ. ನಮ್ಮ ವಾಟ್ಸ್‌ಆ್ಯಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ತೋರಿಸುವ ಲಿಂಕ್ಡ್ ಡಿವೈಸಸ್ ಅನ್ನುವ ಜಾಗವನ್ನೂ ಇಬ್ಬರ ಎದುರಿಗೇ ತೆಗೆಸಿ ನೋಡಿದೆವು. ಬೇರೆ ಲ್ಯಾಪ್‌ಟಾಪು ಯಾವುದೂ ಸೇರಿರಲಿಲ್ಲ. ಅದು ದೊಡ್ಡ ಸಮಾಧಾನ, ಯಾಕೆಂದರೆ ಹಾಗೆ ಕದ್ದು ಮೆಸೇಜು ಓದುವವರ ಕೇಸೇ ಬೇರೆ ಥರ.

ದುಡ್ಡಿನದು ಹೆಚ್ಚು ಹೊತ್ತು ಹಿಡಿಯಿತು. ಆಕೆಯ ಸಂಬಳ ಆಕೆಯ ಹೆಸರಿನ ಖಾತೆಗೆ, ಆಕೆಯ ನಂಬರಿಗೆ ಮೆಸೇಜು. ಮನೆ ಖರ್ಚಿನ ಜಾಯಿಂಟ್ ಅಕೌಂಟಿಗೆ ತಿಂಗಳಿಗಿಷ್ಟು ಅಂತ ಇಬ್ಬರೂ ಹಾಕಲಿ ಅಂದೆ. "ನಾನೇನು ದುಡ್ಡು ಕಿತ್ಕೊಂಡಿದ್ದೀನಾ?" ಅಂತ ಗಂಡ ಸಿಟ್ಟಾದರು. ಕಿತ್ತುಕೊಂಡಿಲ್ಲ, ನಿಜ. ಆದರೆ ಮಸಾಲಪುರಿ ತಿಂದಿದ್ದಕ್ಕೂ ರಸೀದಿ ಗಂಡನಿಗೆ ಹೋಗುವುದಾದರೆ ಆ ದುಡ್ಡು ಆಕೆಯದು ಅಂತ ಹೇಗೆ ಅನ್ನೋದು?

ಗಂಡನಿಗೆ ಪ್ರತ್ಯೇಕವಾಗಿ ಅಭ್ಯಾಸ ಕೊಟ್ಟೆ. ಫೋನು ಮಾಡಬೇಕು, ನೋಡಬೇಕು ಅನ್ನಿಸಿದಾಗ ತಡೆದು, ಆತಂಕ ಹತ್ತಕ್ಕೆ ಎಷ್ಟು ಅಂತ ಕಾಗದದಲ್ಲಿ ಬರೆಯಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಬರೆಯಬೇಕು. ನೋಡದೇ ಇದ್ದರೂ ಅಂಕಿ ತಾನಾಗಿ ಇಳಿಯುತ್ತೆ ಅನ್ನೋದನ್ನು ಅವರ ಕೈಯೇ ಬರೆದು ತೋರಿಸಬೇಕು, ನಾನು ಹೇಳಿದರೆ ನಂಬಲ್ಲ. ಅಂಕಿ ಇಳಿಯದಿದ್ದರೆ, ನಿದ್ದೆ ಕೆಟ್ಟರೆ ಮನೋವೈದ್ಯರನ್ನು ನೋಡಿ ಅಂತ ನೇರವಾಗಿ ಹೇಳಿದೆ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ, ತಂತ್ರಜ್ಞಾನದ ಚಟಕ್ಕೆ ಅಂತಲೇ 2014ರಿಂದ ಅಲ್ಲಿ ಒಂದು ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಹೆಂಡತಿಗೂ ಒಂದು ಕೆಲಸ ಇತ್ತು. ಇನ್ನು ಸುಳ್ಳು ಬೇಡ. ಹೇಳೋಕೆ ಇಷ್ಟ ಇಲ್ಲದಿದ್ದರೆ "ಅದು ಬಿಡ್ರೀ, ಹೇಳಲ್ಲ" ಅಂತಲೇ ಅನ್ನಿ. ಮೊದಮೊದಲು ಜಗಳವಾಗುತ್ತೆ, ಆಗಲಿ.

"ಗಂಡ ಹೆಂಡತಿ ನಡುವೆ ಪ್ರೈವೆಸಿ ಏನು ಮೇಡಂ, ಇದೆಲ್ಲಾ ಫಾರಿನ್ ಮಾತು" ಅಂತ ಗಂಡ ಒಂದು ಸಲ ಅಂದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದ ಆ ಕೇಸು ಯಾರ ಹೆಸರಿನಲ್ಲಿದೆ ಗೊತ್ತಾ ಅಂತ ಕೇಳಿದೆ. ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಇದೇ ಬೆಂಗಳೂರಿನವರು. ಅದು ಸರ್ಕಾರ ಮತ್ತು ಪ್ರಜೆ ನಡುವಿನ ಕೇಸು, ಮನೆಯೊಳಗಿನದಲ್ಲ, ಒಪ್ಪುತ್ತೇನೆ. ಆದರೆ ಫಾರಿನ್ ಅಂತೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ. ಲೊಕೇಶನ್ ಆಫ್ ಅಂದಾಗ ಈ ಗಂಡ ಗೊಣಗಿದರೂ ಒಪ್ಪಿದರು, ಅದಕ್ಕೇ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದೆ. ನಿಮ್ಮ ಮನೆಯಲ್ಲಿ ಆಫ್ ಮಾಡಿದರೆ ಹೊಡೆತ ಬೀಳುತ್ತೆ, ಬೆದರಿಕೆ ಬರುತ್ತೆ, ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನೋ ಭಯ ಇದ್ದರೆ ಈ ಸಲಹೆ ನಿಮಗಲ್ಲ. ಸೆಟ್ಟಿಂಗ್ ಮುಟ್ಟುವ ಮೊದಲು, ಅವರ ಕೈಗೆ ಸಿಗದ ಬೇರೆ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ. ತುರ್ತಾದರೆ 112.

ಈಗ ಹೇಗಿದ್ದಾರೆ ಅಂದರೆ, ಲೊಕೇಶನ್ ಜಗಳ ನಿಂತಿದೆ. ಬ್ಯಾಂಕಿನ ಕೆಲಸವೂ ಆಗಿದೆ. ಗೇಟ್ ಆ್ಯಪ್ ವಿಷಯ ಬಗೆಹರಿದಿಲ್ಲ, ಯಾರ ನಂಬರು ಮೊದಲು ಅನ್ನೋ ಹಗ್ಗಜಗ್ಗಾಟ ನಡೀತಿದೆ. ಹೊಸದೊಂದು ಶುರುವಾಗಿದೆ. ಸ್ಕೂಲ್ ವ್ಯಾನಿನಲ್ಲಿ ಹೋಗುವ ಮಗನಿಗೆ ಜಿಪಿಎಸ್ ಇರುವ ವಾಚು ಬೇಕು ಅಂತ ಹೆಂಡತಿ ಹಟ ಹಿಡಿದಿದ್ದಾರೆ. ಬೇಡವೇ ಬೇಡ ಅನ್ನುತ್ತಿರುವುದು ಗಂಡ. ಮುಂದಿನ ಸಲ ಬರುವಾಗ ಮಗನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.