ಕುಚ್ಚಲಕ್ಕಿಯ ಹಬೆ ಮತ್ತು ಜರ್ಮನಿಯ ಬಾಡಿಗೆ ಮನೆ

ಮಂಗಳೂರಿನ ಕಂಕನಾಡಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆ. ಅವನು ಕೇಳಿದ್ದು ಇಷ್ಟು: "ಚಿಕ್ಕಮ್ಮ, ನೀವು ಅಲ್ಲಿ ಹದಿನೆಂಟು ವರ್ಷದಿಂದ ಬಾಡಿಗೆ ಮನೆಯಲ್ಲೇ ಇದ್ದೀರಿ. ಮನೆ ಯಜಮಾನರು ಹೇಗೆ? ಮೂರು ತಿಂಗಳ ಠೇವಣಿ ಕೇಳುತ್ತಿದ್ದಾರೆ, ಇಲ್ಲಿಂದಲೇ ಕಳುಹಿಸಲೇ? ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದು ಮಾಡಬೇಕೇ?" ಈ ಅಕ್ಟೋಬರ್‌ಗೆ ಹೊರಟು ನಿಂತವರು ಊರಿನಲ್ಲಿ ಇನ್ನೂ ಇದ್ದಾರು, ಅದಕ್ಕೇ ಎಲ್ಲರೂ ಓದಲಿ ಎಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತುರ್ತಿನದು. ಕಂಕನಾಡಿಯಲ್ಲಿ ಕುಳಿತು ಒಂದು ಯೂರೋ ಕೂಡ ಕಳುಹಿಸಬೇಡ. ‘ನಾನು ಈಗ ಬೇರೆ ದೇಶದಲ್ಲಿದ್ದೇನೆ, ಠೇವಣಿ ಹಾಕಿದ ಕೂಡಲೇ ಕೀಲಿಕೈ ಕೊರಿಯರ್‌ನಲ್ಲಿ ಬರುತ್ತದೆ’ ಎನ್ನುವವನ ಹತ್ತಿರ ಮನೆಯೂ ಇಲ್ಲ, ಕೀಲಿಕೈಯೂ ಇಲ್ಲ. ಮನೆಯನ್ನು ಕಣ್ಣಾರೆ ನೋಡಿ, ಕರಾರಿಗೆ ಸಹಿ ಬಿದ್ದ ಮೇಲೆಯೇ ಹಣದ ಮಾತು. ಮೂರು ತಿಂಗಳು ಎಂಬುದೇನೋ ನಿಜ, ಕಾನೂನು ಹಾಕಿರುವ ಮಿತಿಯೇ ಅದು. ಆದರೆ ಅದು ತಣ್ಣನೆಯ ಬಾಡಿಗೆಯ ಮೂರು ಪಟ್ಟು, ಬಿಸಿ ಬಾಡಿಗೆಯದಲ್ಲ. ನಗಬೇಡ, ಅಲ್ಲಿ ಹಾಗೆಯೇ ಹೇಳುವುದು. ಬರಿಯ ಗೋಡೆ, ಸೂರಿನ ಬಾಡಿಗೆ ‘ಕಾಲ್ಟ್‌ಮೀಟೆ’. ಹೀಟರ್, ನೀರು, ಕಸ, ಮೆಟ್ಟಿಲಿನ ದೀಪ ಎಲ್ಲವೂ ಸೇರಿದರೆ ‘ವಾರ್ಮ್‌ಮೀಟೆ’. ಠೇವಣಿಯನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ನಿನಗಿದೆ, ಮೊದಲ ಕಂತು ಬಾಡಿಗೆ ಶುರುವಾಗುವಾಗ. ಯಜಮಾನರು ಅದನ್ನು ತಮ್ಮ ಹಣದೊಂದಿಗೆ ಬೆರೆಸದೆ ಬ್ಯಾಂಕಿನಲ್ಲಿ ಬೇರೆಯಾಗಿ ಇಡಬೇಕು, ಅದರ ಬಡ್ಡಿಯೂ ನಿನ್ನದೇ.

ಇನ್ನು ಯಜಮಾನರು ಹೇಗೆ ಎಂಬ ಪ್ರಶ್ನೆ. ನಾನೀಗ ರಜೆಯಲ್ಲಿ ಉಡುಪಿಯ ಕುಂಜಿಬೆಟ್ಟಿನ ಅಮ್ಮನ ಮನೆಯಲ್ಲಿದ್ದೇನೆ. ಹೊರಗೆ ಆಟಿ ತಿಂಗಳ ಮಳೆ. ಮೇಲಿನ ಮಹಡಿಯನ್ನು ಅಮ್ಮ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳದ ಚಾಪೆ ಹಿಡಿದು ಅವರ ಚಾವಡಿ ದಾಟಿಯೇ ಅಮ್ಮ ತಾರಸಿಗೆ ಹೋಗುವುದು. ಬಾಗಿಲು ತಟ್ಟುವ ಕ್ರಮವಿಲ್ಲ, ಇನ್ನೊಂದು ಕೀಲಿಕೈ ಸೊಂಟದಲ್ಲೇ ಇದೆ. ಹುಡುಗಿಯರು ಬೇಸರಿಸುವುದಿಲ್ಲ, ಪತ್ರೊಡೆ ಮಾಡಿದ ದಿನ ಒಂದು ತಟ್ಟೆ ಮೇಲಕ್ಕೂ ಹೋಗುತ್ತದೆ. ಬಾಡಿಗೆ ಒಂದು ವಾರ ತಡವಾದರೆ ಅಮ್ಮ ಕೇಳುವುದಿಲ್ಲ, ನಲ್ಲಿ ಸೋರಿದರೆ ಅವರು ಒಂದು ತಿಂಗಳು ಹೇಳುವುದಿಲ್ಲ. ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಹನ್ನೊಂದರ ಗುಟ್ಟು ಅಷ್ಟೇ. ಆ ಕಾಗದವನ್ನು ಪೂರ್ತಿ ಓದಿದವನು ಬಹುಶಃ ಅದನ್ನು ಟೈಪ್ ಮಾಡಿದವನೊಬ್ಬನೇ. ಉಳಿದದ್ದೆಲ್ಲ ಮುಖದಾಕ್ಷಿಣ್ಯದಲ್ಲಿ ನಡೆಯುತ್ತದೆ.

ಜರ್ಮನಿಯಲ್ಲಿ ಆ ದಾಕ್ಷಿಣ್ಯ ಇರುವ ಜಾಗದಲ್ಲಿ ಕಾಗದ ಇದೆ. ಕರಾರಿಗೆ ಸಾಮಾನ್ಯವಾಗಿ ಕೊನೆಯ ದಿನಾಂಕವೇ ಇರುವುದಿಲ್ಲ, ಹಾಗಾಗಿ ನವೀಕರಣದ ಪ್ರಶ್ನೆಯೂ ಇಲ್ಲ. ಒಮ್ಮೆ ಕೀಲಿಕೈ ನಿನ್ನ ಕೈಗೆ ಬಂದಿತೆಂದರೆ ಯಜಮಾನರು ಹೇಳದೆ ಕೇಳದೆ ಒಳಗೆ ಬರುವಂತಿಲ್ಲ, ನಿನ್ನ ಒಪ್ಪಿಗೆಯಿಲ್ಲದೆ ಇನ್ನೊಂದು ಕೀಲಿಕೈ ಇಟ್ಟುಕೊಳ್ಳುವಂತೆಯೂ ಇಲ್ಲ. ‘ಮುಂದಿನ ತಿಂಗಳು ಖಾಲಿ ಮಾಡಿ’ ಎನ್ನುವ ಅಧಿಕಾರವೂ ಅವರಿಗಿಲ್ಲ. ತಮಗೋ ಮಕ್ಕಳಿಗೋ ವಾಸಕ್ಕೆ ಬೇಕು ಎಂಬಂತಹ ಕಾರಣವನ್ನು ಬರೆದು ಕೊಡಬೇಕು, ಮೂರು ತಿಂಗಳ ಗಡುವು ಕೊಡಬೇಕು. ನೀನು ಐದು ವರ್ಷ ಇದ್ದರೆ ಆ ಗಡುವು ಆರು ತಿಂಗಳು, ಎಂಟು ವರ್ಷ ದಾಟಿದರೆ ಒಂಬತ್ತು.

ಬಿಡುವುದಾದರೆ ನಿನಗೆ ಎಂದಿಗೂ ಮೂರೇ ತಿಂಗಳು, ಕಾರಣವನ್ನೂ ಹೇಳಬೇಕಿಲ್ಲ. ಆದರೆ ಹೇಳುವ ರೀತಿ ಮುಖ್ಯ. ವಾಟ್ಸ್‌ಆ್ಯಪ್, ಇಮೇಲ್ ನಡೆಯುವುದಿಲ್ಲ. ಕಾಗದದ ಮೇಲೆ, ಶಾಯಿಯ ಸಹಿ ಹಾಕಿ, ತಿಂಗಳ ಮೂರನೆಯ ಕೆಲಸದ ದಿನದೊಳಗೆ ಅವರ ಕೈಗೆ ತಲುಪಬೇಕು. ಸೆಪ್ಟೆಂಬರ್‌ನ ಮೂರನೆಯ ಕೆಲಸದ ದಿನ ತಲುಪಿದರೆ ನವೆಂಬರ್ 30ಕ್ಕೆ ಬಿಡುಗಡೆ. ನಾಲ್ಕನೆಯ ದಿನ ತಲುಪಿದರೆ ಡಿಸೆಂಬರ್‌ನ ಬಾಡಿಗೆಯೂ ನಿನ್ನ ತಲೆಯ ಮೇಲೆ. ಒಂದು ದಿನಕ್ಕೆ ಒಂದು ತಿಂಗಳ ಬಾಡಿಗೆ!

ಇಷ್ಟೆಲ್ಲ ಹಕ್ಕು ಕೇಳಿ ಹಿಗ್ಗಬೇಡ. ಮನೆಯ ಮೇಲೆ ನಿನ್ನ ಹಕ್ಕು ಎಷ್ಟಿದೆಯೋ ಅದರ ಗೋಡೆಯ ಹೊಣೆಯೂ ಅಷ್ಟೇ ಇದೆ. ಇದನ್ನು ನಾನು ಕಲಿತದ್ದು ಮೊದಲ ಚಳಿಗಾಲದಲ್ಲಿ, ಕುಚ್ಚಲಕ್ಕಿಯಿಂದ.

ಊರಿನಿಂದ ಐದು ಕಿಲೋ ಕುಚ್ಚಲಕ್ಕಿ ಹೊತ್ತುಕೊಂಡು ಹೋಗಿದ್ದೆ. ಕುಕ್ಕರ್ ಇರಲಿಲ್ಲ, ತೆರೆದ ಪಾತ್ರೆಯಲ್ಲಿ ದಿನವೂ ಒಂದು ಗಂಟೆ ಗಂಜಿ ಕುದಿಯುತ್ತಿತ್ತು. ಹೊರಗೆ ಹಿಮ, ಹೀಟರ್ ದುಬಾರಿ ಎಂಬ ಭಯ, ಹಾಗಾಗಿ ಕಿಟಕಿಗಳಿಗೆ ಬಿಗಿಯಾಗಿ ಚಿಲಕ. ಒಗೆದ ಬಟ್ಟೆ ಒಣಗುತ್ತಿದ್ದದ್ದು ಮಲಗುವ ಕೋಣೆಯಲ್ಲೇ. ಜನವರಿಯಲ್ಲಿ ಒಂದು ದಿನ ಕಪಾಟಿನ ಹಿಂದೆ ಬಿದ್ದ ಕಿವಿಯೋಲೆ ಹುಡುಕಲು ಅದನ್ನು ಸರಿಸಿದರೆ, ಮೂಲೆಯ ಗೋಡೆಯಲ್ಲಿ ಅಂಗೈ ಅಗಲದ ಕಪ್ಪು ಬೂಷ್ಟು. ನನಗೆ ಗಾಬರಿಯೇ ಆಗಲಿಲ್ಲ. ಆಟಿಯಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವುದನ್ನು ನೋಡಿ ಬೆಳೆದವಳು ನಾನು. ಆಟಿ ಕಳೆದು ಸೋಣ ತಿಂಗಳ ಬಿಸಿಲು ಬಂದರೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಪಾಟನ್ನು ಹಿಂದಕ್ಕೆ ತಳ್ಳಿ ಸುಮ್ಮನಾದೆ.

ಸೋಣ ಬರಲಿಲ್ಲ. ಮನೆ ಬಿಡುವಾಗ ಯಜಮಾನರು ಗಾಳಿಯ ತೇವ ಅಳೆಯುವ ಪುಟ್ಟ ಯಂತ್ರ ತಂದಿದ್ದರು, ಗೋಡೆಗೆ ಮೂಗು ತಾಗಿಸಿ ನೋಡಿದರು, ಕೊನೆಗೆ ಠೇವಣಿಯಲ್ಲಿ 600 ಯೂರೋ ಹಿಡಿದುಕೊಂಡರು. ಬಾಡಿಗೆದಾರರ ಸಂಘಕ್ಕೆ, ಅಲ್ಲಿ ಅದನ್ನು ‘ಮೀಟರ್‌ಫೆರೈನ್’ ಎನ್ನುತ್ತಾರೆ, ಸದಸ್ಯತ್ವದ ಹಣ ಕಟ್ಟಿ ವಕೀಲರ ಮುಂದೆ ಕುಳಿತೆ. ಕಟ್ಟಡದ ದೋಷದಿಂದ ಬೂಷ್ಟು ಬಂದರೆ ಸರಿಪಡಿಸುವುದು ಯಜಮಾನರ ಕೆಲಸ, ಅಲ್ಲಿಯವರೆಗೆ ಬಾಡಿಗೆಯೂ ಇಳಿಯುತ್ತದೆ. ಗಾಳಿಯಾಡಿಸದೆ ಬಂದರೆ ಅದು ಬಾಡಿಗೆದಾರರ ತಪ್ಪು ಎಂದು ಅವರು ಬಿಡಿಸಿ ಹೇಳಿದರು. ಆ ಮೂಲೆ ಹೊರಗೋಡೆಯದು, ಕಟ್ಟಡದ ಪಾಲೂ ಇದ್ದಿರಬಹುದು. "ಕಂಡ ಕೂಡಲೇ ಪತ್ರ ಬರೆದಿರಾ?" ಎಂದು ಕೇಳಿದರು. ಇಲ್ಲ. ಯಾವುದೇ ದೋಷವನ್ನು ಕಂಡ ಕೂಡಲೇ ತಿಳಿಸುವುದು ಬಾಡಿಗೆದಾರರ ಕರ್ತವ್ಯ. ನಾನು ಒರೆಸಿ ಸುಮ್ಮನಿದ್ದೆನಲ್ಲ, ಆ ಮೌನಕ್ಕೇ ಸಂದಿತು ಹಣ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಸಿಟ್ಟು ಅರ್ಧ ಯಜಮಾನರ ಮೇಲೆ, ಅರ್ಧ ನನ್ನ ಮೇಲೆ.

ಈಗ ಎಷ್ಟೇ ಚಳಿಯಿರಲಿ, ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಐದು ನಿಮಿಷ ಹಾರು ಹೊಡೆದು ತೆರೆಯುತ್ತೇನೆ. ಮನೆಗೆ ಸೇರುವ ದಿನ ಹಸ್ತಾಂತರದ ಪತ್ರದಲ್ಲಿ ನೆಲದ ಗೀರು, ಒಡೆದ ಟೈಲ್ಸ್, ಮೀಟರಿನ ಅಂಕಿ ಎಲ್ಲವನ್ನೂ ಬರೆಸಿ, ಫೋಟೋ ತೆಗೆದು, ಇಬ್ಬರೂ ಸಹಿ ಹಾಕುತ್ತೇವೆ. ನೀನೂ ಹಾಗೆಯೇ ಮಾಡು. ಮನೆ ಬಿಟ್ಟ ಮೇಲೆ ಠೇವಣಿ ಮರುದಿನವೇ ಬರುವುದಿಲ್ಲ, ಆರು ತಿಂಗಳು ಕಾಯಿಸುವುದು ಸಾಮಾನ್ಯ. ವರ್ಷದ ನೀರು, ಹೀಟರ್‌ಗಳ ಲೆಕ್ಕ ಬಾಕಿಯಿದ್ದರೆ ಅದಕ್ಕೆಂದು ಒಂದಿಷ್ಟು ಇನ್ನೂ ಇಟ್ಟುಕೊಳ್ಳುತ್ತಾರೆ. ಆ ಲೆಕ್ಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ನಿನ್ನ ಕೈಸೇರಬೇಕು. ತಡವಾದರೆ ಹೆಚ್ಚಿನ ಹಣ ಕೇಳುವಂತಿಲ್ಲ.

ಅಡುಗೆಮನೆ ಇದೆಯೇ ಎಂದು ಮರೆಯದೆ ಕೇಳು. ತಮಾಷೆಯಲ್ಲ. ಹಳೆಯ ಬಾಡಿಗೆದಾರರು ಒಲೆ, ಕಪಾಟು, ಕೊನೆಗೆ ದೀಪದ ಬಲ್ಬನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ನನ್ನ ಎರಡನೆಯ ಮನೆಯ ಮೊದಲ ರಾತ್ರಿ ಮೊಬೈಲಿನ ಬೆಳಕಿನಲ್ಲಿ ಕಳೆಯಿತು, ತಲೆಯ ಮೇಲೆ ಎರಡು ವೈರುಗಳು ನೇತಾಡುತ್ತಿದ್ದವು.

‘ಇರಬಹುದು, ಆದರೆ ವಿಳಾಸ ನೋಂದಣಿ ಮಾಡಿಸುವಂತಿಲ್ಲ’ ಎನ್ನುವವರ ಮನೆಗೆ ಕಾಲಿಡಬೇಡ. ಮನೆ ಸೇರಿದ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು, ಅದಕ್ಕೆ ಬೇಕಾದ ದೃಢೀಕರಣ ಪತ್ರವನ್ನು ಮನೆ ಕೊಟ್ಟವರು ಬರೆದು ಕೊಡಲೇಬೇಕು. ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲಕ್ಕೂ ಅದೇ ಬುಡ. ಸಾಲದ ಚರಿತ್ರೆಯ ಪತ್ರ ಕೇಳುತ್ತಾರೆ. ಹೊಸಬನಾದ ನಿನ್ನ ಬಳಿ ಅದು ಇರುವುದಿಲ್ಲ, ವೀಸಾಕ್ಕೆಂದು ನೀನು ಇಟ್ಟ 11,904 ಯೂರೋಗಳ ಖಾತೆಯ ಪತ್ರವನ್ನೂ ಅಪ್ಪನ ಜಾಮೀನಿನ ಪತ್ರವನ್ನೂ ತೋರಿಸು. ವಿದ್ಯಾರ್ಥಿ ನಿಲಯಕ್ಕೆ ಇನ್ನೂ ಅರ್ಜಿ ಹಾಕಿರದಿದ್ದರೆ ಇವತ್ತೇ ಹಾಕು.

ಗ್ರೈಂಡರ್ ತರಬೇಡ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೌನ, ಭಾನುವಾರ ಇಡೀ ದಿನ ಮೌನ. ನಮ್ಮ ಇಡ್ಲಿಗೆ ಅವರ ಭಾನುವಾರ ಒಗ್ಗುವುದಿಲ್ಲ. ಕುಕ್ಕರ್ ಮಾತ್ರ ಖಂಡಿತ ತಾ.

ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಇನ್ನೊಂದಿದೆ, ‘ಕೇರ್‌ವೋಖೆ’, ಗುಡಿಸುವ ವಾರ. ಮೆಟ್ಟಿಲು, ನೆಲಮಾಳಿಗೆ, ಅಂಗಳವನ್ನು ಆ ಕಟ್ಟಡದ ಮನೆಯವರೆಲ್ಲ ಸರದಿಯಲ್ಲಿ ಗುಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆ ನೇತಾಡುತ್ತದೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದ ಪಾದ್ರಿ ಮೋಗ್ಲಿಂಗ್ ಆ ಸೀಮೆಯವರೇ. ಅವರ ಬಾಸೆಲ್ ಮಿಶನ್ ನಮ್ಮ ಊರಿಗೆ ಅಚ್ಚುಕೂಟ ತಂದಿತು, ಹಂಚು ತಂದಿತು. ಪುಣ್ಯಕ್ಕೆ ಈ ಹಲಗೆಯನ್ನು ತರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಬಂದವನು ಮನೆ ಸಿಗುವವರೆಗೆ ನಮ್ಮಲ್ಲೇ ಇರು. ನೆಂಟರನ್ನು ಕೆಲವು ವಾರ ಇಟ್ಟುಕೊಳ್ಳಲು ಯಜಮಾನರನ್ನು ಕೇಳಬೇಕಿಲ್ಲ. ಒಳಬಾಡಿಗೆಗೆ ಇಟ್ಟುಕೊಳ್ಳುವುದಾದರೆ ಮಾತ್ರ ಅವರ ಅನುಮತಿ ಬೇಕು. ಆದ್ದರಿಂದ ನಿನ್ನಿಂದ ನಾನು ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಅಕ್ಟೋಬರ್‌ನ ಮೊದಲ ವಾರ ಹಲಗೆ ನಮ್ಮ ಬಾಗಿಲಿಗೆ ಬರುತ್ತದೆ, ಮೂರು ಅಂತಸ್ತಿನ ಮೆಟ್ಟಿಲು. ಹಿಡಿಸೂಡಿ ಊರಿನಿಂದ ತರುವುದು ಬೇಡ, ಅಲ್ಲಿ ಇದೆ.