ಅಪ್ರೈಸಲ್‌ನಲ್ಲಿ ಬರೆಯಲು ಎಕ್ಸಲೆಂಟ್, ಔಟ್‌ಸ್ಟ್ಯಾಂಡಿಂಗ್, ಎಕ್ಸೆಪ್ಷನಲ್, ಎಕ್ಸ್‌ಟ್ರಾರ್ಡಿನರಿ: ಇವುಗಳಲ್ಲಿ ಯಾವುದು ದೊಡ್ಡದು?

ನೀವು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೀರಿ, ಸೆಲ್ಫ್ ಅಪ್ರೈಸಲ್ (ವರ್ಷದ ಕೆಲಸದ ಬಗ್ಗೆ ನಾವೇ ಬರೆದುಕೊಡುವ ಫಾರ್ಮ್) ಬರೆಯುತ್ತಿದ್ದೀರಿ, ‘ಗುಡ್’ ಸಪ್ಪೆ ಅನಿಸುತ್ತಿದೆ, ಎಲ್ಲಕ್ಕಿಂತ ಜೋರಾದ ಪದ ಬೇಕು ಅಂತ ಕೇಳಿದ್ದೀರಿ. ನಾನೂ ಹೀಗೇ ಹುಡುಕಿದ್ದೆ. ಕೊನೆಗೆ ಆರಿಸಿದ್ದು ‘ಔಟ್‌ಸ್ಟ್ಯಾಂಡಿಂಗ್’. ಅದರಿಂದ ನನ್ನ ಪ್ರಮೋಷನ್ ಒಂದು ವರ್ಷ ಮುಂದಕ್ಕೆ ಹೋಯಿತು.

ನನ್ನ ಕೆಲಸ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ. ಆ ವರ್ಷ ನಿಜಕ್ಕೂ ಚೆನ್ನಾಗಿ ದುಡಿದಿದ್ದೆ. ಮೊದಲು ಬರೆದ ವಾಕ್ಯ ಸರಳವಾಗಿತ್ತು: ‘ಐ ಹ್ಯಾವ್ ಡನ್ ಗುಡ್ ವರ್ಕ್ ಆನ್ ದ ಬಿಲ್ಲಿಂಗ್ ಮಾಡ್ಯೂಲ್.’ ಓದಿದಾಗ ಏನೋ ಕಮ್ಮಿ ಅನಿಸಿತು. ಸಮಾನಾರ್ಥಕ ಪದಗಳ ಪಟ್ಟಿ ತೆಗೆದೆ. ಗುಡ್ ಹೋಗಿ ಔಟ್‌ಸ್ಟ್ಯಾಂಡಿಂಗ್ ಬಂತು. ಅಲ್ಲಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಫಾರ್ಮಿನಲ್ಲಿ ಇಷ್ಟೇ ಅಕ್ಷರ ಅಂತ ಮಿತಿ ಇತ್ತು. ಅಲ್ಲಿ ಇಲ್ಲಿ ಕತ್ತರಿಸುವಾಗ ‘ಡನ್’ ಸುಮ್ನೆ ಜಾಗ ತಿನ್ನುತ್ತಿದೆ ಅನಿಸಿ ಅದನ್ನೂ ತೆಗೆದೆ. ಉಳಿದದ್ದು ಇಷ್ಟು: ‘ಐ ಹ್ಯಾವ್ ಔಟ್‌ಸ್ಟ್ಯಾಂಡಿಂಗ್ ವರ್ಕ್ ಆನ್ ದ ಬಿಲ್ಲಿಂಗ್ ಮಾಡ್ಯೂಲ್.’

ಅಂದರೆ, ಬಿಲ್ಲಿಂಗ್ ಮಾಡ್ಯೂಲ್‌ನಲ್ಲಿ ನನ್ನ ಕೆಲಸ ಬಾಕಿ ಇದೆ ಅಂತ ನಾನೇ ಬರೆದುಕೊಟ್ಟೆ.

ಈ ಪದಕ್ಕೆ ‘ಬಾಕಿ’ ಅನ್ನುವ ಅರ್ಥವಿದೆ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು. ಔಟ್‌ಸ್ಟ್ಯಾಂಡಿಂಗ್ ಇನ್‌ವಾಯ್ಸ್, ಔಟ್‌ಸ್ಟ್ಯಾಂಡಿಂಗ್ ಬ್ಯಾಲೆನ್ಸ್ ಅಂತ ದಿನವಿಡೀ ಅದೇ ಪದ ಬಳಸುತ್ತಿದ್ದೆ. ಆದರೂ ಬರೆಯುವಾಗ ಕಾಣಲಿಲ್ಲ. ನನ್ನನ್ನು ನಾನೇ ಹೊಗಳಿಕೊಳ್ಳುವ ಗುಂಗಿನಲ್ಲಿದ್ದೆ, ಹೊಗಳಿಕೆಯ ಅರ್ಥ ಮಾತ್ರ ಕಣ್ಣಿಗೆ ಬಿತ್ತು. ‘ಡನ್’ ಇದ್ದಷ್ಟು ಹೊತ್ತು ಅಪಾಯವಿರಲಿಲ್ಲ. ಮಾಡಿ ಮುಗಿಸಿದ ಕೆಲಸ ಬಾಕಿ ಇರಲು ಆಗುವುದಿಲ್ಲ, ಹಾಗಾಗಿ ಓದುವವರಿಗೆ ಒಂದೇ ಅರ್ಥ ಸಿಗುತ್ತಿತ್ತು. ‘ಮೈ ಪರ್ಫಾರ್ಮೆನ್ಸ್ ವಾಸ್ ಔಟ್‌ಸ್ಟ್ಯಾಂಡಿಂಗ್’ ಅಂದಿದ್ದರೂ ಬಚಾವಾಗುತ್ತಿದ್ದೆ, ಪರ್ಫಾರ್ಮೆನ್ಸ್ ಯಾವತ್ತೂ ಬಾಕಿ ಉಳಿಯುವ ವಸ್ತುವಲ್ಲ. ಆದರೆ ಹಿಂದೆ ‘ಹ್ಯಾವ್’, ಮುಂದೆ ‘ವರ್ಕ್’, ನಡುವೆ ಈ ಪದ ಬಂದರೆ ಮೊದಲು ಹೊಳೆಯುವುದು ಬಾಕಿಯೇ. ವರ್ಕ್ ಬದಲು ಟಾಸ್ಕ್, ಇಶ್ಯೂ, ಪೇಮೆಂಟ್ ಬಂದರೂ ಅದೇ ಕಥೆ. ಅದೂ ಬಿಲ್ಲಿಂಗ್ ತಂಡದ ಫಾರ್ಮಿನಲ್ಲಿ!

ನನ್ನ ಕೆಲಸ ನೋಡಿದ್ದ ಮ್ಯಾನೇಜರ್ ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಫಾರ್ಮ್ ಓದಿದವರಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ. ಬಾಕಿ ಕೆಲಸ ಮುಗಿಸಲಿ, ಮುಂದಿನ ಸಲ ನೋಡೋಣ ಅಂತ ಷರಾ ಬರೆದರು. ನಾನು ಹೋಗಿ ವಿವರಿಸಿದಾಗ ಅವರಿಗೆ ಅರ್ಥವಾಯಿತು, ಬೇಜಾರೂ ಮಾಡಿಕೊಂಡರು. ಆದರೆ ಅಷ್ಟರಲ್ಲಿ ಪ್ರಮೋಷನ್ ಪಟ್ಟಿ ಹೊರಬಿದ್ದಾಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ವಾಕ್ಯವನ್ನು ನನ್ನ ಪರವಾಗಿ ಓದಲು ಅವರ ಬಳಿ ಯಾವ ಕಾರಣವೂ ಇರಲಿಲ್ಲ.

ಹಾಗಾಗಿ ‘ಯಾವುದು ದೊಡ್ಡದು’ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. ಈ ಪದಗಳು ಒಂದೇ ಏಣಿಯ ಮೆಟ್ಟಿಲುಗಳಲ್ಲ. ಇವುಗಳಲ್ಲಿ ಹೆಚ್ಚಿನವು ‘ಚೆನ್ನಾಗಿದೆ’ ಅಂತ ಹೇಳುವುದೇ ಇಲ್ಲ. ‘ಉಳಿದವುಗಳ ಹಾಗಿಲ್ಲ’ ಅಂತಷ್ಟೇ ಹೇಳುತ್ತವೆ. ಆ ಬೇರೆತನ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಪಕ್ಕದ ಪದದಿಂದ, ಓದುವವರ ಕಸುಬಿನಿಂದ ಗೊತ್ತಾಗಬೇಕು.

ನೀವು ಪ್ರಶ್ನೆಯಲ್ಲಿ ಕೊಟ್ಟ ವಾಕ್ಯವನ್ನೇ ನೋಡಿ: ‘ಐ ಡೆಲಿವರ್ಡ್ ಎಕ್ಸೆಪ್ಷನಲ್ ರಿಸಲ್ಟ್ಸ್ ಇನ್ ಟೆಸ್ಟಿಂಗ್.’ ಎಕ್ಸೆಪ್ಷನಲ್ ಅಂದರೆ ಮಾಮೂಲಿಗೆ ಹೊರತಾದದ್ದು. ಕಂಪನಿಗಳ ಲಾಭ ನಷ್ಟದ ಲೆಕ್ಕದಲ್ಲಿ ‘ಎಕ್ಸೆಪ್ಷನಲ್ ಐಟಮ್ಸ್’ ಅಂತ ಒಂದು ಸಾಲು ಬರುತ್ತದೆ. ಪದೇ ಪದೇ ಬರದ ದೊಡ್ಡ ಲಾಭವೂ ಅಲ್ಲೇ, ದೊಡ್ಡ ನಷ್ಟವೂ ಅಲ್ಲೇ. ಪ್ರೋಗ್ರಾಂ ಬರೆಯುವವರಿಗೆ ಎಕ್ಸೆಪ್ಷನ್ ಅಂದರೆ ಪ್ರೋಗ್ರಾಂ ಓಡುವಾಗ ಎದುರಾಗುವ ತೊಡಕು, ಅದನ್ನು ನಿಮಗೆ ಹೇಳಬೇಕಾಗಿಲ್ಲ. ಟೆಸ್ಟಿಂಗ್ ಮಾಡುವವರು ‘ಎಕ್ಸೆಪ್ಷನಲ್ ರಿಸಲ್ಟ್ಸ್’ ಅಂತ ಬರೆದರೆ ಫಾರ್ಮ್ ನೋಡುವವರು ‘ಏನೋ ಎಡವಟ್ಟಾಗಿದೆ’ ಅಂತ ಓದಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ. ನಾನು ಮಾಡಿದ್ದನ್ನೇ ನೀವೂ ಮಾಡಲು ಹೊರಟಿದ್ದೀರಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಕ್ಸ್‌ಟ್ರಾರ್ಡಿನರಿಯೂ ಹಾಗೇ. ಲ್ಯಾಟಿನ್‌ನಲ್ಲಿ ‘ಎಕ್ಸ್‌ಟ್ರಾ’ ಅಂದರೆ ಆಚೆ, ಹೊರಗೆ. ಷೇರುದಾರರ ‘ಎಕ್ಸ್‌ಟ್ರಾರ್ಡಿನರಿ ಜನರಲ್ ಮೀಟಿಂಗ್’ ಅಂದರೆ ಅದ್ಭುತ ಸಭೆ ಅಂತ ಯಾರೂ ತಿಳಿಯುವುದಿಲ್ಲ, ಅದು ವಾರ್ಷಿಕ ಸಭೆಯ ಹೊರತಾಗಿ ಕರೆದ ಸಭೆ. ‘ಎಕ್ಸ್‌ಟ್ರಾರ್ಡಿನರಿ ಡಿಲೇ’ ಅಂದರೆ ಬೈಗುಳ. ರಿಮಾರ್ಕಬಲ್ ಅಂದರೆ ಗಮನಿಸಿ ಮಾತಾಡುವಂಥದ್ದು, ಅಷ್ಟೇ. ಯೂನಿಕ್ ಅಂದರೆ ಒಂದೇ ಒಂದು. ನಿಮ್ಮ ವಿಧಾನ ಯೂನಿಕ್ ಅಂದರೆ ಬೇರೆ ಯಾರೂ ಹಾಗೆ ಮಾಡಿಲ್ಲ ಅಂತಾಯಿತು, ಸರಿ ಮಾಡಿದಿರಿ ಅಂತಾಗಲಿಲ್ಲ. ಇನ್ನು ‘ವೆರಿ ಯೂನಿಕ್’ ಕಂಡರೆ ಉರಿದುಬೀಳುವ ಓದುಗರು ಬಹಳ ಜನ ಇದ್ದಾರೆ. ಅನ್‌ಯೂಶುವಲ್ ಅಂತೂ ಅಪ್ರೈಸಲ್‌ನಲ್ಲಿ ಬೇಡವೇ ಬೇಡ, ವರದಿಗಳಲ್ಲಿ ಅದು ಸಾಮಾನ್ಯವಾಗಿ ಎಚ್ಚರಿಕೆಯ ಪದ.

ಇದೇ ಗುಂಪಿನ ಒಂದು ಪದ ಪೂರ್ತಿ ಆಚೆ ದಡಕ್ಕೇ ಹೋಗಿಬಿಟ್ಟಿದೆ. ‘ಎಗ್ರೀಜಿಯಸ್’. ಲ್ಯಾಟಿನ್ ಮೂಲದಲ್ಲಿ ‘ಹಿಂಡಿನಿಂದ ಎದ್ದು ಕಾಣುವ’ ಅಂತ ಅರ್ಥ. 16ನೇ ಶತಮಾನದ ಇಂಗ್ಲಿಷ್‌ನಲ್ಲಿ ಅದನ್ನು ಹೊಗಳಲೂ ಬಳಸುತ್ತಿದ್ದರು. ಈಗ ‘ಎಗ್ರೀಜಿಯಸ್ ಎರರ್’ ಅಂದರೆ ಕ್ಷಮಿಸಲಾಗದಂಥ ತಪ್ಪು. ಎದ್ದು ಕಾಣುವುದು ಯಾವ ಕಡೆಗೂ ಹೊರಳಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದೇ ಪದ ಹೇಳಿ ಅಂತ ಹಟ ಹಿಡಿದರೆ ಎಕ್ಸಲೆಂಟ್ ಅನ್ನುತ್ತೇನೆ. ಹಳೆಯದು, ಎಲ್ಲರೂ ಬಳಸುವಂಥದ್ದು, ನಿಜ. ಆದರೆ ಈಗಿನ ಇಂಗ್ಲಿಷ್‌ನಲ್ಲಿ ಅದಕ್ಕೆ ಒಳ್ಳೆಯ ಅರ್ಥ ಒಂದೇ. ಅದರ ಮುಂದೆ ‘ವೆರಿ’ ಮಾತ್ರ ಹಾಕಬೇಡಿ, ತೂಕ ಹೆಚ್ಚುವ ಬದಲು ಇಳಿಯುತ್ತದೆ.

ನಿಜ ಹೇಳಬೇಕೆಂದರೆ ನಿಮಗೆ ಅದೂ ಬೇಕಿಲ್ಲ. ಒಂದೇ ಪಾವತಿ ಎರಡು ಸಲ ಕಡಿತವಾಗುವ ದೋಷವನ್ನು ಬಿಡುಗಡೆಗೆ ಮುಂಚೆ ಹಿಡಿದೆ ಅಂತ ಪ್ರಶ್ನೆಯ ಕೊನೆಯಲ್ಲಿ, ಅದೂ ಆವರಣದೊಳಗೆ ಬರೆದಿದ್ದೀರಿ. ಅದನ್ನು ಮೊದಲ ಸಾಲಿಗೆ ತನ್ನಿ: ‘ಐ ಫೌಂಡ್ ದ ಡಬಲ್ ಪೇಮೆಂಟ್ ಬಗ್ ಬಿಫೋರ್ ರಿಲೀಸ್.’ ಅದನ್ನು ಹೇಗೆ ಹಿಡಿದಿರಿ, ತಪ್ಪಿಹೋಗಿದ್ದರೆ ಯಾರಿಗೆ ಹೊಡೆತ ಬೀಳುತ್ತಿತ್ತು ಅನ್ನುವುದನ್ನು ಕೆಳಗೆ ಎರಡು ಸಾಲಿನಲ್ಲಿ ಹೇಳಿ. ಅಕ್ಷರ ಮಿತಿ ಮೀರಿದರೆ ವಿಶೇಷಣ ಕತ್ತರಿಸಿ, ಕ್ರಿಯಾಪದ ಮುಟ್ಟಬೇಡಿ. ಕಳಿಸುವ ಮುಂಚೆ ನಿಮ್ಮ ಕೆಲಸ ಗೊತ್ತಿಲ್ಲದ ಯಾರಿಗಾದರೂ ಓದಲು ಕೊಟ್ಟು, ಏನು ಅರ್ಥವಾಯಿತು ಅಂತ ಕೇಳಿ. ಯಾರೂ ಸಿಗದಿದ್ದರೆ ಹೊಸ ವಾಕ್ಯಗಳನ್ನು ಇಲ್ಲೇ ಕೆಳಗೆ ಹಾಕಿ, ನಾನು ಓದಿ ಹೇಳುತ್ತೇನೆ.